ಷಡ್ಡಕನ ಬ್ಯೂನಸ್ ಐರಿಸ್, ನನ್ನ ಮಾಂಟೆವಿಡಿಯೊ

ದಕ್ಷಿಣ ಅಮೆರಿಕದ ರಾಜಧಾನಿಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಹೇಳಬಲ್ಲ ಮನುಷ್ಯ ಪರಗ್ವೆಯ ಅಸುನ್ಸಿಯಾನ್ ನಗರದಲ್ಲಿ ಒಬ್ಬನೇ ಇದ್ದಾನೆ. ಅವನು ನಾನು, ಕ್ರಿಸ್ಪಿನ್ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ಇಂಥ ನಾನು ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ, ಮಾವಿನ ಮರದ ನೆರಳಿನಲ್ಲಿ, ಕೈಯಲ್ಲಿ ಮಾಂಸದ ತುಂಡು ಹಿಡಿದುಕೊಂಡೇ ಒಂದು ಭೀಷಣ ಪ್ರತಿಜ್ಞೆ ಕೈಗೊಂಡೆ. ನನ್ನ ಹೆಂಡತಿ ಫೆಲಿಸಾಳನ್ನು ಮಾಂಟೆವಿಡಿಯೊಗೆ ಕರೆದೊಯ್ದು, ನಾಲ್ಕು ದಿನ ಮೆರೆಸಿ, ನನ್ನ ಷಡ್ಡಕ ಎಲಾದಿಯೊ ಬ್ಯೂನಸ್ ಐರಿಸ್‌ನಲ್ಲಿ ಮಾಡಿದ ಖರ್ಚಿಗಿಂತ ಕಡಿಮೆ ಖರ್ಚಿನಲ್ಲಿ ವಾಪಸು ಕರೆತರುವುದು. ನಮ್ಮ ದುಡ್ಡಿನಲ್ಲಿ ಒಂದೇ ಒಂದು ಗ್ವಾರಾನಿಯಾದರೂ ಸರಿ, ಕಡಿಮೆಯಾಗಲೇಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ಆ ರಾಜಧಾನಿಗಳಲ್ಲಿ ನಾನು ಕಣ್ಣಾರೆ ಕಂಡಿದ್ದು ಒಂದನ್ನೇ, ನಾನು ಹುಟ್ಟಿದ ಊರನ್ನು. ವಿದೇಶ ಪ್ರವಾಸ ಮಾಡಿಲ್ಲವೇ ಎಂದರೆ ಮಾಡಿದ್ದೇನೆ. ನದಿ ದಾಟಿದರೆ ಸಿಗುವ ಕ್ಲೋರಿಂದಾ ಎಂಬ ಅರ್ಜೆಂಟೀನಾದ ಪೇಟೆಗೆ ಹೋಗಿ, ಈರುಳ್ಳಿ ಮತ್ತು ಅಡುಗೆ ಎಣ್ಣೆ ತಂದಿದ್ದೇನೆ.

ಎಲಾದಿಯೊ ನನ್ನ ಹೆಂಡತಿಯ ಅಕ್ಕ ನಿಮಿಯಾಳ ಗಂಡ. ಷಡ್ಡಕ ಎಂಬ ಶಬ್ದದ ನಟ್ಟನಡುವೆ ಒಂದು 'ಅಡ್ಡ' ಇದೆ, ನೀವು ಗಮನಿಸಿರಬಹುದು. ಈ ಮನುಷ್ಯ ನನ್ನ ಮದುವೆಯಾದಂದಿನಿಂದ ನನಗೆ ಅಡ್ಡಡ್ಡ ಬರುತ್ತಲೇ ಇದ್ದಾನೆ. ನಾನು ಫ್ಯಾನು ತಂದರೆ ಅವನು ಏಸಿ ತಂದ. ನಾನು ಏಸಿ ತರುವಷ್ಟರಲ್ಲಿ ಅವನು ಕಾರು ತಂದ. ಅವನಿಗೆ ಹಾಸಿಗೆಯ ಅಂಗಡಿ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅವನಿಗೆ ಬುದ್ಧಿ ಹೇಳುವ ಹಾಗೂ ಇಲ್ಲ. ಅವನ ಬಳಿ ಮುನ್ನೂರು ಹಾಸಿಗೆಗಳಿವೆ.

ಆ ಭಾನುವಾರ ಅವನೂ ನಿಮಿಯಾ ಅತ್ತಿಗೆಯೂ ಬ್ಯೂನಸ್ ಐರಿಸ್‌ನಿಂದ ಹಿಂದಿರುಗಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಕೆಂಡದ ಮೇಲೆ ಮಾಂಸ ಬೇಯಿಸಿದವನು ನಾನು, ಹೊಗೆ ಕುಡಿದವನು ನಾನು. ಎಲ್ಲರ ಕಣ್ಣು ಮಾತ್ರ ಅವನ ಮೇಲೆ.

"ಭಾವ, ಅಲ್ಲಿಯ ನದಿ ತುಂಬಾ ದೊಡ್ಡದಂತೆ?" ಎಂದು ಫೆಲಿಸಾ ಕೇಳಿದಳು.

"ಸಮುದ್ರ ಸೇರುವ ಕಡೆ ಇನ್ನೂರ ಇಪ್ಪತ್ತು ಕಿಲೋಮೀಟರ್ ಅಗಲ," ಎಂದೆ ನಾನು, ಒಲೆಯ ಪಕ್ಕದಿಂದ.

"ಅದು ಪುಸ್ತಕದಲ್ಲಿ, ಮೇಷ್ಟ್ರೇ," ಎಂದ ಎಲಾದಿಯೊ. "ಅಲ್ಲಿ ದಡದಲ್ಲಿ ನಿಂತ್ಕೊಂಡ್ರೆ ಹಾಗೆಲ್ಲ ಅನ್ಸಲ್ಲ. ಲೋಕ ಅಲ್ಲಿಗೇ ಮುಗೀತು ಅನ್ಸುತ್ತೆ."

ಫೆಲಿಸಾ ತಟ್ಟೆಯನ್ನು ಕೆಳಗಿಟ್ಟು ಅವನ ಬಾಯನ್ನೇ ನೋಡುತ್ತ ಕುಳಿತಳು. ಇನ್ನೂರ ಇಪ್ಪತ್ತು ಕಿಲೋಮೀಟರ್ ಎಂದು ನಾನು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದೇನೆ. ಒಬ್ಬರೂ ತಟ್ಟೆ ಕೆಳಗಿಟ್ಟವರಿಲ್ಲ.

"ಖರ್ಚು ಸಿಕ್ಕಾಪಟ್ಟೆ ಆಗಿರ್ಬೇಕು, ಅಲ್ವಾ?" ಎಂದೆ, ಸ್ವಲ್ಪ ಆಸೆಯಿಂದ.

"ಎಲ್ಲಿ ಬಂತು. ಇಬ್ಬರಿಗೂ ಸೇರಿ ಇಪ್ಪತ್ತೆಂಟು ಲಕ್ಷ. ಬಸ್ಸು, ರೂಮು, ಊಟ ಎಲ್ಲಾ."

ಲಕ್ಷ ಎಂದ ಕೂಡಲೇ ಬೆಚ್ಚಬೇಡಿ. ನಮ್ಮ ಪರಗ್ವೆಯಲ್ಲಿ ಒಂದು ಕಿಲೋ ಒಳ್ಳೆಯ ಮಾಂಸಕ್ಕೆ ಐವತ್ತು ಸಾವಿರ ಗ್ವಾರಾನಿ, ಲಕ್ಷಾಧಿಪತಿಯಲ್ಲದವನಿಗೆ ಇಲ್ಲಿ ಮೂಳೆಯೂ ಸಿಗುವುದಿಲ್ಲ. ನಾಲ್ಕು ದಿನಕ್ಕೆ ಇಪ್ಪತ್ತೆಂಟು ಲಕ್ಷವೆಂದರೆ ಬಿಟ್ಟಿ ಹೋಗಿ ಬಂದಂತೆ.

"ರೀ, ಇಪ್ಪತ್ತೆಂಟೇ ಲಕ್ಷವಂತೆ," ಎಂದಳು ಫೆಲಿಸಾ ನನ್ನ ಕಡೆ ತಿರುಗಿ. ಆ 'ಎಂಟೇ' ಎಂಬುದರ ಏತ್ವ ನನ್ನ ಎದೆಯೊಳಗೆ ಇಳಿದು ಅಲ್ಲೇ ಮುರಿಯಿತು.

ಎಲಾದಿಯೊ ಕಿಸೆಯಿಂದ ವಸತಿಗೃಹದ ಒಂದು ಚೀಟಿ ತೆಗೆದು ಅವಳಿಗೆ ಕೊಟ್ಟ. "ದೋನ್ಯಾ ಓರ್ತೆನ್ಸಿಯಾ ಅಂತ, ಮಾಲಕಿ, ಒಳ್ಳೆ ಹೆಂಗಸು. ನೀವೂ ಒಂದು ಸಲ ಹೋಗಿ ಬನ್ನಿ. ನನ್ನ ಹೆಸರು ಹೇಳಿ, ಸಾಕು."

ಅವನ ಹೆಸರು ಹೇಳಿ ನಾನು ಊರು ನೋಡಬೇಕೇ? ಆಗಲೇ ಆ ಪ್ರತಿಜ್ಞೆ ಬಾಯಿಂದ ಹೊರಬಿದ್ದದ್ದು.

"ಬ್ಯೂನಸ್ ಐರಿಸ್‌ಗೆ ಯಾರು ಬೇಕಾದ್ರೂ ಹೋಗ್ತಾರೆ. ನಾವು ಮಾಂಟೆವಿಡಿಯೊಗೆ ಹೋಗ್ತೀವಿ. ಅದು ಇನ್ನೂ ಅಗ್ಗ."

"ಹೌದಾ?" ಎಂದ ಎಲಾದಿಯೊ, ನಿಜವಾದ ಕುತೂಹಲದಿಂದ. ಅವನ ದೊಡ್ಡ ದೋಷವೇ ಅದು, ಅವನು ವ್ಯಂಗ್ಯವಾಡುವುದಿಲ್ಲ.

ಮಾರನೆಯ ದಿನದಿಂದ ಮನೆಯಲ್ಲಿ ಮಹಾಸಂಶೋಧನೆ ಆರಂಭವಾಯಿತು. ಒಂದು ಹಾಳೆಯ ಎಡಕ್ಕೆ ಬ್ಯೂನಸ್ ಐರಿಸ್, ಬಲಕ್ಕೆ ಮಾಂಟೆವಿಡಿಯೊ. ಬಸ್ಸಿನ ಕಂಪನಿಗೆ ಫೋನ್ ಮಾಡಿದೆ. ಮಾಂಟೆವಿಡಿಯೊ ಟಿಕೆಟ್ಟು ತಲೆಗೆ ಎರಡು ಲಕ್ಷ ಹೆಚ್ಚು. ಇರಲಿ, ದೂರ ಜಾಸ್ತಿ, ಭೂಗೋಳ ಬಲ್ಲವನು ಒಪ್ಪಬೇಕಾದ ಮಾತು. ರೂಮು ವಿಚಾರಿಸಿದೆ. ಒಂದೂವರೆ ಪಟ್ಟು. ಊಟ ವಿಚಾರಿಸಿದೆ. ವಿಚಾರಿಸದಿದ್ದರೇ ಚೆನ್ನಾಗಿತ್ತು. ಮೊತ್ತ ನಲವತ್ತೊಂದು ಲಕ್ಷ ಮುಟ್ಟಿತು.

ಆಮೇಲೆ ಕತ್ತರಿ ಹಿಡಿದೆ. ರಾತ್ರಿಯೂಟ ತೆಗೆದೆ. ಕಾಫಿಯನ್ನು ಇಬ್ಬರ ನಡುವೆ ಒಂದು ಮಾಡಿದೆ. ನಾಲ್ಕು ದಿನ ಮೂರಾಯಿತು, ಮೂರು ಎರಡಾಯಿತು. ಎರಡು ದಿನಕ್ಕೂ ಮೂವತ್ತು ಲಕ್ಷ. ಇನ್ನು ಕತ್ತರಿಸಿದರೆ ಬಸ್ಸಿನಿಂದ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸು ಬರಬೇಕಿತ್ತು.

ಇದರಿಂದ ಬುದ್ಧಿವಂತನಾದವನು ಮಾಂಟೆವಿಡಿಯೊ ದುಬಾರಿ ಊರು ಎಂದು ತಿಳಿದುಕೊಳ್ಳುತ್ತಿದ್ದ. ಹೊಟ್ಟೆಕಿಚ್ಚಿನವನು ಎಲಾದಿಯೊ ಸುಳ್ಳುಗಾರ ಎಂದು ತಿಳಿದುಕೊಳ್ಳುತ್ತಾನೆ. ನಾನು ಎರಡನೆಯದನ್ನು ತಿಳಿದುಕೊಂಡೆ.

ಮಂಗಳವಾರ ಮಧ್ಯಾಹ್ನ, ಫೆಲಿಸಾ ಊಟ ಮುಗಿಸಿ ಮಲಗಿದ್ದಾಗ, ಆ ಚೀಟಿ ತೆಗೆದು ಬ್ಯೂನಸ್ ಐರಿಸ್‌ಗೆ ಫೋನ್ ಹಚ್ಚಿದೆ. ನನ್ನ ಉದ್ದೇಶ ಶುದ್ಧವಾಗಿತ್ತು. ಎಲಾದಿಯೊನ ಷಡ್ಡಕ ಎಂದು ಹೇಳಿಕೊಂಡು, ಅವನು ಕೊಟ್ಟ ಬಾಡಿಗೆ ಎಷ್ಟು ಎಂದು ತಿಳಿದು, ಭಾನುವಾರ ಎಲ್ಲರೆದುರು ಅವನ ಬಣ್ಣ ಬಯಲು ಮಾಡುವುದು, ಅಷ್ಟೇ.

"ನಮಸ್ಕಾರ, ಅಸುನ್ಸಿಯಾನ್‌ನಿಂದ ಮಾತಾಡ್ತಿದ್ದೀನಿ. ಎಲಾದಿಯೊ..." ಎಂದೆ. ಅವರ ಷಡ್ಡಕ ಎನ್ನುವಷ್ಟರಲ್ಲಿ ಆ ಕಡೆಯಿಂದ ಜೇನು ಸುರಿಯಿತು.

"ದೋನ್ ಎಲಾದಿಯೊ, ನೀವಾ? ಎಷ್ಟು ನೆನಪು ಮಾಡ್ಕೊಂಡ್ವಿ ನಿಮ್ಮನ್ನ. ಹೇಗಿದ್ದೀರಿ?"

ನನ್ನನ್ನು ಯಾವ ಹೋಟೆಲಿನವರೂ ಈವರೆಗೆ ದೋನ್ ಎಂದು ಗೌರವದಿಂದ ಕರೆದಿಲ್ಲ, ನೆನಪು ಮಾಡಿಕೊಂಡಿಲ್ಲ. ಆ ಜೇನಿನ ಒಂದು ಹನಿ ನನ್ನ ನಾಲಿಗೆಗೂ ಬಿತ್ತು ನೋಡಿ, ತಿದ್ದಲು ಮನಸ್ಸು ಬರಲಿಲ್ಲ.

"ಚೆನ್ನಾಗಿದ್ದೀನಿ," ಎಂದೆ. "ಆ ರೂಮು ಈಗ ಎಷ್ಟು?"

"ಕಿಟಕಿ ರೂಮಾ? ನಿಮಗೆ ಹೋದ ಸಲದಷ್ಟೇ. ನಿಮ್ಮ ದುಡ್ಡಲ್ಲಿ ದಿನಕ್ಕೆ ಎರಡೂವರೆ ಲಕ್ಷ."

"ಒಬ್ಬರಿಗೋ, ಇಬ್ಬರಿಗೋ?"

"ಇಬ್ಬರಿಗೆ."

"ತಿಂಡಿ?"

"ಸೇರಿದೆ."

"ಬೆಣ್ಣೆ?"

"ಬೆಣ್ಣೆನೂ ಸೇರಿದೆ, ದೋನ್ ಎಲಾದಿಯೊ," ಎಂದಳು ಆಕೆ, ಸ್ವಲ್ಪ ಆಶ್ಚರ್ಯದಿಂದ. "ಯಾವತ್ತು ಬರ್ತೀರಿ?"

ದಿನಾಂಕ ಹೇಳಿದರೆ ಬೆಲೆ ಏರಬಹುದು ಎಂಬ ಕೊನೆಯ ಆಸೆ ನನಗೆ. "ಏಪ್ರಿಲ್ ಹನ್ನೆರಡು ಅಂತ ಇಟ್ಕೊಳ್ಳಿ," ಎಂದೆ. ಏರಲಿಲ್ಲ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು.

"ಬರ್ಕೊಂಡೆ. ಇಲ್ಲಿ ನಿಮ್ಮ ಮನೆ ನಂಬರ್ ಇದೆ. ಹಿಂದಿನ ದಿನ ಒಂದು ಫೋನ್ ಮಾಡ್ತೀನಿ."

ನಾನು ದನಿ ತಗ್ಗಿಸಿದೆ. "ಬೇಡ, ಮನೆಗೆ ಮಾತ್ರ ಮಾಡ್ಬೇಡಿ. ಮನೇಲಿ ಯಾರಿಗೂ ಗೊತ್ತಾಗಬಾರದು."

ಆ ಕಡೆ ಪೆನ್ನಿನ ಸದ್ದು ನಿಂತಿತು. ಆಮೇಲೆ ಜೇನು ಗಟ್ಟಿಯಾದ ಧ್ವನಿಯಲ್ಲಿ, "ಅರ್ಥ ಆಯ್ತು ಬಿಡಿ," ಎಂದು ಫೋನಿಟ್ಟಳು. ಆಕೆಗೆ ಏನು ಅರ್ಥವಾಯಿತು ಎಂಬುದು ನನಗೆ ಅರ್ಥವಾಗಿದ್ದು ಗುರುವಾರ.

ಗುರುವಾರ ಮಧ್ಯಾಹ್ನ ನಿಮಿಯಾ ಅತ್ತಿಗೆ ಸೂಟ್‌ಕೇಸು ಎಳೆದುಕೊಂಡು ನಮ್ಮ ಗೇಟಿನೊಳಗೆ ಬಂದರು. ಕಣ್ಣು ಊದಿಕೊಂಡಿದ್ದವು. ಫೆಲಿಸಾ ಓಡಿಹೋಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿದಳು. ನಾನು ಎಲೆಯ ಪುಡಿಗೆ ತಣ್ಣೀರು ಹೊಯ್ದು, ಹೀರುವ ಕೊಳವೆ ಸಿಕ್ಕಿಸಿ, ತೆರೆರೆ ಮಾಡಿ ಕೈಗಿಟ್ಟೆ. ಅತ್ತಿಗೆ ಅದನ್ನು ಕುಡಿಯದೆ, ಕೊಳವೆಯನ್ನು ತಿರುಗಿಸುತ್ತ ಹೇಳಿದರು.

"ಆ ಬ್ಯೂನಸ್ ಐರಿಸ್ ಹೆಂಗಸು ಫೋನ್ ಮಾಡಿದ್ಲು ಫೆಲಿಸಾ. ಸಾಹೇಬ್ರು ಮನೆಗೆ ಫೋನ್ ಮಾಡ್ಬೇಡಿ ಅಂದಿದ್ರು, ಆದ್ರೂ ಮಾಡ್ದೆ, ಕಿಟಕಿ ರೂಮಿಗೆ ಸುಣ್ಣ ಬಳೀತಿದ್ದೀವಿ, ಸಾಹೇಬ್ರ ಜೊತೆ ಬರೋ ಹೆಂಗಸಿಗೆ ಒಳಗಿನ ರೂಮು ಆಗುತ್ತಾ ಕೇಳಿ ಅಂದ್ಲು. ತಾವು ಯಾರು ಅಂತ ಕೇಳಿದ್ಲು. ನಾನು ಅವರ ಹೆಂಡ್ತಿ ಅಂದೆ. ಅಯ್ಯೋ ದೇವರೇ ಅಂತ ಫೋನ್ ಇಟ್ಬಿಟ್ಲು."

ಅಗ್ಗ ಅಗ್ಗ ಎಂದು ಜಪಿಸುತ್ತ ನಾನು ಹೊಸೆದದ್ದು ಹಗ್ಗ ಎಂದು ಆಗ ತಿಳಿಯಿತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಸತ್ಯವಾಗಿಯೂ ತೆರೆದೆ. ಅಷ್ಟರಲ್ಲಿ ಫೆಲಿಸಾ ಅಕ್ಕನ ತಲೆ ಸವರುತ್ತ ಅಂದಳು:

"ಎಷ್ಟು ದುಡ್ಡಿದ್ರೇನು ಬಂತು ಅಕ್ಕ. ನಮ್ಮೆಜಮಾನ್ರನ್ನ ನೋಡು. ಎಲ್ಲಿಗೂ ಕರ್ಕೊಂಡು ಹೋಗಲ್ಲ, ನಿಜ. ಆದ್ರೆ ಎಲ್ಲಿಗೂ ಹೋಗೋದೂ ಇಲ್ಲ. ಇವರ ಮುಂದೆ ಭಾವ ಯಾವ ಲೆಕ್ಕ?"

ಹದಿನೆಂಟು ವರ್ಷದ ದಾಂಪತ್ಯದಲ್ಲಿ ಎಲಾದಿಯೊನನ್ನೂ ನನ್ನನ್ನೂ ತೂಗಿ, ನನ್ನ ತಟ್ಟೆ ಕೆಳಗಿಳಿದದ್ದು ಅದೇ ಮೊದಲು. ತೆರೆದ ಬಾಯನ್ನು ಮುಚ್ಚಿಕೊಂಡೆ. ನಾಳೆ ಹೇಳಿದರಾಯಿತು.

ನಾಳೆ ಎಂಬುದು ಬಹಳ ರುಚಿಯಾಗಿತ್ತು. ಶುಕ್ರವಾರ ನನ್ನ ಅಂಗಿಗೆ ಕೇಳದೆಯೇ ಇಸ್ತ್ರಿ ಬಿತ್ತು. ಮರಗೆಣಸಿನ ಜೊತೆ ಮಾಂಸದ ಒಳ್ಳೆಯ ತುಂಡು ನನ್ನ ತಟ್ಟೆಗೆ ಬಂತು. "ದೇವರಂಥ ಗಂಡ ಸಿಕ್ಕಿದ್ದಾನೆ ನಿನಗೆ," ಎಂದು ನಿಮಿಯಾ ಅತ್ತಿಗೆ ಕಣ್ಣೊರೆಸಿಕೊಂಡರು. ದೇವರಂಥವನು ಎದ್ದು ನಿಂತು ತಾನು ಎಂಥವನೆಂದು ಹೇಳುವುದು ಹೇಗೆ?

ಸಂಜೆ ಎಲಾದಿಯೊ ಗೇಟಿನ ಬಳಿ ಬಂದ. ಫೆಲಿಸಾ ಅವನನ್ನು ಒಳಗೆ ಬಿಡಲಿಲ್ಲ. ನಾನು ಹೊರಗೆ ಹೋದೆ. ಅವನು ಗಡ್ಡ ಬೋಳಿಸಿರಲಿಲ್ಲ, ಅಂಗಿಯ ಗುಂಡಿಗಳನ್ನು ಒಂದೊಂದು ತೂತು ಕೆಳಗೆ ಹಾಕಿಕೊಂಡಿದ್ದ.

"ನಾನು ಯಾವ ಫೋನೂ ಮಾಡಿಲ್ಲ ಕ್ರಿಸ್ಪಿನ್. ನೀನಾದ್ರೂ ನಂಬು."

"ಇಂಥ ವಿಷಯದಲ್ಲಿ ಸತ್ಯ ತಾನಾಗೇ ಹೊರಗೆ ಬರುತ್ತೆ ಎಲಾದಿಯೊ," ಎಂದೆ ನಾನು. ಈ ಮಾತನ್ನು ನೆನೆದರೆ ಈಗಲೂ ಕಿವಿ ಕೆಂಪಾಗುತ್ತದೆ. ಅವನು ಅಷ್ಟು ಕುಗ್ಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನನ್ನೊಳಗಿನ ಕಿಚ್ಚು ಅವನನ್ನು ನೋಡಿ ತಣ್ಣಗೆ ಕಾಲು ಚಾಚಿ ಕುಳಿತಿತ್ತು.

ಅವನು ಒಂದು ಸಣ್ಣ ಚೀಲ ಕೈಗಿಟ್ಟ. "ಅವಳ ಬಿ.ಪಿ. ಮಾತ್ರೆ. ಬಿಟ್ಟು ಬಂದಿದ್ದಾಳೆ. ಬಿಳೀದು ಬೆಳಿಗ್ಗೆ ತಿಂಡಿಗೆ ಮುಂಚೆ, ಗುಲಾಬಿದು ಅರ್ಧ ಮಾತ್ರ. ಮುರಿದೇ ಇಟ್ಟಿದ್ದೀನಿ. ಅವಳಿಗೆ ಮುರಿಯೋಕೆ ಬರಲ್ಲ."

ಚೀಲ ಹಿಡಿದು ಒಳಗೆ ಬಂದೆ. ಫೆಲಿಸಾ ಯಾವ ಮಾತ್ರೆ ನುಂಗುತ್ತಾಳೆ, ನುಂಗುತ್ತಾಳೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಹಾಳು ಮನುಷ್ಯ, ಹೆಂಡತಿ ಬಿಟ್ಟು ಹೋದ ಹೊತ್ತಿನಲ್ಲೂ ನನಗಿಂತ ಒಂದು ಕೈ ಮೇಲೆಯೇ ಇದ್ದ. ಆ ಅರ್ಧ ಮಾತ್ರೆಗಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಶನಿವಾರವಿಡೀ ಊಟ ಸೇರಲಿಲ್ಲ. ಒಳ್ಳೆಯ ತುಂಡನ್ನು ಬದಿಗೆ ಸರಿಸಿದೆ. "ಅಕ್ಕನ ದುಃಖ ನೋಡಿ ಇವರಿಗೆ ಊಟಾನೇ ಸೇರ್ತಿಲ್ಲ," ಎಂದು ಫೆಲಿಸಾ ಇನ್ನೂ ಕರಗಿದಳು.

ಭಾನುವಾರ ನಿಮಿಯಾ ಅತ್ತಿಗೆ ಒಂದು ತೀರ್ಮಾನಕ್ಕೆ ಬಂದರು. ಎಲಾದಿಯೊನನ್ನು ಕರೆಸಿ, ಅವನೆದುರೇ ಆ ಮಾಲಕಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಕೇಳುವುದು. ಆಮೇಲೆ ಇರುವುದೋ ಬಿಡುವುದೋ ನೋಡುವುದು. ಮಾವಿನ ಮರದ ಕೆಳಗೆ, ಮೇಜಿನ ನಡುವೆ ಫೋನಿಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿದರು. ನಾನು ಒಲೆಯ ಕಡೆ ಸರಿದೆ. ಅಂದು ಒಲೆ ಹಚ್ಚಿರಲೇ ಇಲ್ಲ.

"ನಾನು ಗಿರಾಕಿಗಳ ಗುಟ್ಟು ಯಾರಿಗೂ ಹೇಳಲ್ಲಮ್ಮ," ಎಂದಳು ದೋನ್ಯಾ ಓರ್ತೆನ್ಸಿಯಾ.

ಎಲಾದಿಯೊ ಮುಂದಕ್ಕೆ ಬಾಗಿದ. "ಸೆನ್ಯೋರಾ, ನಾನೇ ಎಲಾದಿಯೊ. ನೀವೇ ಹೇಳಿ, ನಾನು ನಿಮಗೆ ಫೋನ್ ಮಾಡಿದ್ನಾ?"

"ನೀವು ಯಾರೋ ಗೊತ್ತಿಲ್ಲ ಸ್ವಾಮಿ. ದೋನ್ ಎಲಾದಿಯೊ ಧ್ವನಿ ನಂಗೆ ಚೆನ್ನಾಗಿ ಗೊತ್ತು. ಮೊನ್ನೆ ತಾನೆ ಮಾತಾಡಿದ್ದಾರೆ. ನಿಮ್ಮದಲ್ಲ ಅದು."

ಎಲಾದಿಯೊ ಕುರ್ಚಿಗೆ ಒರಗಿದ. ತಾನು ತಾನಲ್ಲ ಎಂದು ಕೇಳಿಸಿಕೊಂಡ ಮನುಷ್ಯನ ಮುಖ ಹೇಗಿರುತ್ತದೆಂದು ಅಂದು ಕಂಡೆ. ನಿಮಿಯಾ ಅತ್ತಿಗೆ ಕೈಬಳೆಯನ್ನು ತಿರುಗಿಸುತ್ತ ನೆಲ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ತಪ್ಪೊಪ್ಪಿಕೊಳ್ಳಲೆಂದೇ ಬಾಯಿ ತೆರೆದೆ ಎಂದು ನಾನು ಇಂದಿಗೂ ವಾದಿಸುತ್ತೇನೆ, ಯಾರೂ ನಂಬುವುದಿಲ್ಲ.

"ಸೆನ್ಯೋರಾ, ಒಂದು ನಿಮಿಷ..." ಎಂದೆ.

"ಹಾಂ, ಬಂದ್ರಲ್ಲ ದೋನ್ ಎಲಾದಿಯೊ," ಎಂದು ಫೋನಿನಿಂದ ಜೇನು ಹರಿಯಿತು. "ಮತ್ತೇನು ಅನುಮಾನ? ಬೆಣ್ಣೆ ಸೇರಿದೆ ಅಂತ ಹೇಳಿದ್ನಲ್ಲ."

ಫೆಲಿಸಾ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಬೆಣ್ಣೆ ಸೇರಿದೆಯಾ ಅಂತ ಕೇಳೋ ಗಂಡಸು ಈ ಖಂಡದಲ್ಲೇ ಒಬ್ರು ಇರೋದು," ಎಂದಳು. "ಯಾರನ್ನ ಕರ್ಕೊಂಡು ಹೋಗೋಕೆ ಹೊರಟಿದ್ರಿ?"

"ಯಾರನ್ನೂ ಇಲ್ಲ ಫೆಲಿಸಾ. ಆಣೆಗೂ ಯಾರನ್ನೂ ಇಲ್ಲ."

"ನನ್ನನ್ನೂ ಇಲ್ವಾ?"

ಒಳಗೆ ಹೋಗಿ ಆ ಹಾಳೆಯನ್ನು ತಂದು ಅವಳ ಮುಂದಿಟ್ಟೆ. ಎಡಕ್ಕೆ ಬ್ಯೂನಸ್ ಐರಿಸ್, ಬಲಕ್ಕೆ ಮಾಂಟೆವಿಡಿಯೊ. ಹೊಟ್ಟೆಯುರಿ, ಫೋನು, ತಿದ್ದದೆ ಬಿಟ್ಟ ಹೆಸರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಫೆಲಿಸಾ ಹಾಳೆಯನ್ನು ಗಟ್ಟಿಯಾಗಿ ಓದಿದಳು.

"ಕಾಫಿ ಒಂದು, ಹಂಚಿಕೊಳ್ಳುವುದು. ಊಟ ಒಂದೂವರೆ, ಫೆಲಿಸಾ ಕಡಿಮೆ ತಿನ್ನುತ್ತಾಳೆ." ಅವಳು ತಲೆಯೆತ್ತಿದಳು. "ನಾನು ಕಡಿಮೆ ತಿನ್ನೋದು ಯಾಕೆ ಗೊತ್ತಾ? ನೀವು ಮೊದ್ಲು ಬಡಿಸ್ಕೊಳ್ತೀರಿ, ಅದಕ್ಕೆ."

ನಿಮಿಯಾ ಅತ್ತಿಗೆ ಅಳುತ್ತ ನಗುತ್ತ ಗಂಡನ ಭುಜಕ್ಕೆ ಗುದ್ದುತ್ತಿದ್ದರು, ನಿರಪರಾಧಿಯಾಗಿದ್ದಕ್ಕೆ. ಎಲಾದಿಯೊ ಎದ್ದು ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನನ್ನನ್ನೇ ಕೇಳಿದ್ರೆ ಬೆಣ್ಣೆ ವಿಷಯ ನಾನೇ ಹೇಳ್ತಿದ್ನಲ್ಲ, ಮೇಷ್ಟ್ರೇ," ಎಂದ.

"ಹಲೋ," ಎಂದಿತು ಮೇಜಿನ ಮೇಲಿನ ಫೋನು. "ಹಾಗಾದ್ರೆ ಹನ್ನೆರಡಕ್ಕೆ ರೂಮು ಬೇಕಾ, ಬೇಡ್ವಾ? ಇಬ್ಬರು ಗಿರಾಕಿಗಳನ್ನ ವಾಪಸು ಕಳಿಸಿದ್ದೀನಿ."

"ಬೇಕು," ಎಂದಳು ಫೆಲಿಸಾ. "ಇಬ್ಬರಿಗೆ. ನಾನು, ನಮ್ಮಕ್ಕ. ದುಡ್ಡು ನಮ್ಮೆಜಮಾನ್ರು ಕಳಿಸ್ತಾರೆ."

ಏಪ್ರಿಲ್ ಹನ್ನೊಂದರಂದು ಅಕ್ಕತಂಗಿಯರು ಹೊಸ ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದರು. ಷಡ್ಡಕರಿಬ್ಬರೂ ನಿಲ್ದಾಣದಲ್ಲಿ ಕೈ ಬೀಸಿದೆವು. ಆಮೇಲೆ ಪ್ರತಿ ಮಧ್ಯಾಹ್ನವೂ ಎಲಾದಿಯೊ ಊಟಕ್ಕೆ ನಮ್ಮಲ್ಲಿಗೇ ಬರತೊಡಗಿದ, ಅವನಿಗೂ ಅಡುಗೆ ಬರುವುದಿಲ್ಲ. ನಾನು ಬೇಯಿಸಿದ ಮರಗೆಣಸು ಹೊರಗೆ ಕೆಸರು, ಒಳಗೆ ಕಟ್ಟಿಗೆ. ಅದನ್ನು ಅಗಿಯುತ್ತ ನಾಲ್ಕನೆಯ ದಿನ ಅವನು ಬಾಯಿ ಬಿಟ್ಟ.

"ಆ ಇಪ್ಪತ್ತೆಂಟು ಲಕ್ಷ ಸುಳ್ಳಲ್ಲ ಕ್ರಿಸ್ಪಿನ್. ಆದ್ರೆ ಹೇಗೆ ಅಂತ ಹೇಳಿರ್ಲಿಲ್ಲ. ಮನೆಯಿಂದ ಒಂದು ಚೀಲ ಚೀಪಾ ರೊಟ್ಟಿ ಹೊತ್ಕೊಂಡು ಹೋಗಿದ್ದೆ. ಮೂರನೇ ದಿನಕ್ಕೆ ಇಟ್ಟಿಗೆ ಆಗಿದ್ವು. ಊರೊಳಗೆ ಎಲ್ಲಿಗೂ ಬಸ್ಸು ಹತ್ತಿಲ್ಲ, ಬರೀ ನಡಿಗೆ. ನಿಮಿಯಾ ಕಾಲು ಊದ್ಕೊಂಡು, ನದಿ ತೋರಿಸ್ದಾಗ ಬೆನ್ನು ತಿರುಗಿಸಿ ಕೂತಿದ್ಲು."

"ಮತ್ತೆ ಅಷ್ಟೆಲ್ಲ ಬಣ್ಣ ಹಚ್ಚಿ ಹೇಳಿದ್ದು ಯಾಕೆ?"

"ನಿನಗೇನು ಗೊತ್ತು. ನೀನು ಇಲ್ಲಿ ಕೂತು ಒಂದು ನದಿ ಅಗಲ ಹೇಳಿದ್ರೆ, ನಿಮಿಯಾ ಮನೆಗೆ ಬಂದು ವಾರಗಟ್ಲೆ ಹೇಳ್ತಾಳೆ, ಕ್ರಿಸ್ಪಿನ್ ಎಷ್ಟು ಓದ್ಕೊಂಡಿದ್ದಾನೆ, ನೀವು ಬರೀ ಹಾಸಿಗೆ ಅಂತ. ಒಂದು ಸಲವಾದ್ರೂ ನಿನಗಿಂತ ಮುಂಚೆ ಒಂದು ಊರು ನೋಡಿ ಬರೋಣ ಅನ್ನಿಸ್ತು."

ನನ್ನ ಎದೆಯೊಳಗೆ ಎಷ್ಟೋ ವರ್ಷಗಳಿಂದ ಕುಳಿತಿದ್ದ ಕಲ್ಲೊಂದು ಉರುಳಿತು. ನನ್ನನ್ನು ಕಂಡು ಕಾರಿನವನೊಬ್ಬ ಹೊಟ್ಟೆಕಿಚ್ಚು ಪಟ್ಟಿದ್ದಾನೆ. ಸಂತೋಷದಿಂದ ತೆರೆರೆಯ ಮೊದಲ ಗುಟುಕನ್ನು ಅವನಿಗೇ ಕೊಟ್ಟೆ. ಹತ್ತು ನಿಮಿಷ, ಲೆಕ್ಕ ಹಾಕಿ ಹತ್ತೇ ನಿಮಿಷ, ನಾವಿಬ್ಬರೂ ಜಗತ್ತಿನ ಅತ್ಯಂತ ತೃಪ್ತ ಷಡ್ಡಕರಾಗಿದ್ದೆವು. ಆಗ ಫೋನ್ ಬಂತು.

"ರೀ, ನಾವು ಮಾಂಟೆವಿಡಿಯೊದಲ್ಲಿದ್ದೀವಿ," ಎಂದಳು ಫೆಲಿಸಾ. ಹಿಂದೆ ಗಾಳಿಯ ಸದ್ದು, ಸಂಗೀತ, ನಿಮಿಯಾ ಅತ್ತಿಗೆಯ ನಗು. "ಬೆಳಿಗ್ಗೆ ದೋಣಿ ಹತ್ತಿ ಆ ನದಿ ದಾಟಿ ಬಂದ್ಬಿಟ್ವಿ. ಇನ್ನೂ ಮೂರು ದಿನ ಇರ್ತೀವಿ."

"ಮೂರು ದಿನವಾ? ಊಟಕ್ಕೆ ಏನ್ಮಾಡ್ತಿದ್ದೀರಿ?"

"ಹೋಟ್ಲಲ್ಲಿ. ಎರಡು ಹೊತ್ತೂ. ಟ್ಯಾಕ್ಸಿಲಿ ಹೋಗಿ ಬರ್ತೀವಿ."

ಎಲಾದಿಯೊ ನನ್ನ ಕಿವಿಗೆ ಕಿವಿ ಹಚ್ಚಿ ನಿಂತಿದ್ದ. ಅವನ ಮುಖ ಬಿಳಿಚಿತು. ನನಗೋ ಆ ಹೊತ್ತಿನಲ್ಲೂ ಸಂಶೋಧನೆ ಪೂರ್ತಿ ಮಾಡುವ ಚಪಲ.

"ಎರಡೂ ಊರು ನೋಡಿದ್ದೀಯಲ್ಲ ಫೆಲಿಸಾ. ನಿಜ ಹೇಳು, ಯಾವುದು ಅಗ್ಗ?"

ಅವಳು ಫೋನಿಗೆ ಕೈ ಅಡ್ಡ ಹಿಡಿದು ಅಕ್ಕನನ್ನು ಕೇಳಿದಳು. ಇಬ್ಬರೂ ಏನೋ ಪಿಸುಗುಟ್ಟಿ ನಕ್ಕರು.

"ಎರಡೂ ಅಗ್ಗಾನೇ ರೀ," ಎಂದಳು. "ನೀವಿಬ್ರೂ ಜೊತೇಲಿ ಇಲ್ದಿದ್ರೆ ಯಾವ ಊರಾದ್ರೂ ಅಗ್ಗಾನೇ."